ಹಾವಿಗೆ ಆಸರೆಯಾಗುವ ಕೈ

ಹಾವು ಹಿಡಿಯುವವರೆಂದರೆ ನಮ್ಮ ಕಣ್ಣಿಗೆ ಕಟ್ಟುವ ನೋಟ ಒಂದೇ: ಒಂದು ಕೈಯಲ್ಲಿ ಬಾಲ, ಇನ್ನೊಂದರಲ್ಲಿ ಕೊಕ್ಕೆ, ಸುತ್ತ ಉಸಿರು ಬಿಗಿಹಿಡಿದು ನಿಂತ ಜನ. ಮನೆಯೊಳಗೆ ಸೇರಿಕೊಂಡ ನಾಗರಹಾವನ್ನು ಹಿಡಿದು ದೂರ ಬಿಟ್ಟು ಬರುವವರ ಕೆಲಸ ಅದು, ಅದರ ಬಗ್ಗೆ ಗೌರವವಿದೆ. ಆದರೆ ಅಮೆರಿಕ, ಬ್ರಿಟನ್, ಜರ್ಮನಿಯಂಥ ದೇಶಗಳಲ್ಲಿ ಹಾವು ಸಾಕುವ ಮನೆಗಳಲ್ಲಿ ಬೆಳೆದುಬಂದಿರುವ ಕೈಚಳಕ ಬೇರೆ ಬಗೆಯದು. ಅಲ್ಲಿ ಯಾರೂ ಬಾಲ ಎಳೆಯುವುದಿಲ್ಲ, ಕತ್ತು ಅಮುಕುವುದಿಲ್ಲ. ವಿಷವಿಲ್ಲದ ಹಾವೊಂದು ಹೆದರಿಕೆಯಿಲ್ಲದೆ ಮನುಷ್ಯನ ಕೈಮೇಲೆ ಹರಿದಾಡುವಂತೆ ನೋಡಿಕೊಳ್ಳುವುದೇ ಅಲ್ಲಿನ ವಿದ್ಯೆ. ಕಡಿತದಿಂದ ಕಾಪಾಡುವುದು ಸಾಕುವವರ ಧೈರ್ಯವಲ್ಲ, ಹಾವಿಗೆ ಹೆದರಲು ಕಾರಣ ಕೊಡದಿರುವ ಅವರ ಎಚ್ಚರ. ಆ ಎಚ್ಚರವನ್ನು ಹತ್ತಿರದಿಂದ ನೋಡಿದಷ್ಟೂ ನನಗೆ ಅದರ ಮೇಲಿನ ಮೆಚ್ಚುಗೆ ಹೆಚ್ಚಿದೆ.

ಈ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಹಾವುಗಳು ಎರಡು. ಒಂದು, ಬಾಲ್ ಪೈಥಾನ್. ಘಾನಾ, ಟೋಗೊ, ಬೆನಿನ್ ಮೊದಲಾದ ಆಫ್ರಿಕದ ದೇಶಗಳ ಪುಟ್ಟ ಹೆಬ್ಬಾವು. ಸಾಮಾನ್ಯವಾಗಿ ಮೂರರಿಂದ ಐದು ಅಡಿ ಉದ್ದ, ಗುಂಡನೆಯ ಮೈ. ಹೆದರಿದರೆ ಓಡುವುದಕ್ಕಿಂತ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗಿಬಿಡುವುದೇ ಇದರ ಸ್ವಭಾವ. ಇನ್ನೊಂದು, ಅಮೆರಿಕದ ಆಗ್ನೇಯ ರಾಜ್ಯಗಳ ಕಾರ್ನ್ ಸ್ನೇಕ್. ಕಿತ್ತಳೆ ಮೈಮೇಲೆ ಕೆಂಪು ಮಚ್ಚೆಗಳಿರುವ ಈ ತೆಳ್ಳನೆಯ ಹಾವು ನಮ್ಮ ಕೇರೆಹಾವಿನ ಕುಟುಂಬಕ್ಕೇ ಸೇರಿದ್ದು. ಎರಡಕ್ಕೂ ವಿಷವಿಲ್ಲ. ಇಲಿಯನ್ನು ಸುತ್ತಿ, ಬಿಗಿದು, ಕೊಂದು ನುಂಗುತ್ತವೆ.

ಎರಡೂ ಬಹಳ ಕಾಲ ಬಾಳುತ್ತವೆ. ಚೆನ್ನಾಗಿ ನೋಡಿಕೊಂಡರೆ ಕಾರ್ನ್ ಸ್ನೇಕ್ 15ರಿಂದ 20 ವರ್ಷ, ಬಾಲ್ ಪೈಥಾನ್ 20ರಿಂದ 30 ವರ್ಷ ಇರುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಬಾಲ್ ಪೈಥಾನ್ 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಏಳು ಮೊಟ್ಟೆ ಇಟ್ಟಿತು. ಹತ್ತನೇ ತರಗತಿಯ ಹುಡುಗನೊಬ್ಬ ಆಸೆಪಟ್ಟು ತರಿಸಿಕೊಂಡ ಮರಿ, ಅವನು ಮದುವೆಯಾಗಿ ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತಿಗೂ ಅವನ ಹೊಣೆಯಾಗಿಯೇ ಇರುತ್ತದೆ. ಹಾವನ್ನು ಎತ್ತಿಕೊಳ್ಳುವ ರೀತಿಯನ್ನು ಮೊದಲ ದಿನದಿಂದಲೇ ಸರಿಯಾಗಿ ಕಲಿಯಬೇಕು ಎನ್ನುವುದು ಅದಕ್ಕೇ.

ಹಾವಿಗೆ ನಮ್ಮ ಕೈ ಏನಾಗಿ ಕಾಣುತ್ತದೆ

ಎಲ್ಲವೂ ಶುರುವಾಗುವುದು ಈ ಪ್ರಶ್ನೆಯಿಂದ. ಹಾವಿಗೆ ಕಣ್ಣಿಗಿಂತ ನಾಲಗೆ ದೊಡ್ಡ ಆಧಾರ. ಸೀಳುನಾಲಗೆಯನ್ನು ಹೊರಚಾಚಿ ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಬಾಚಿ, ಬಾಯಿಯ ಅಂಗುಳದಲ್ಲಿರುವ ಜೇಕಬ್ಸನ್ ಅಂಗಕ್ಕೆ ಮುಟ್ಟಿಸುತ್ತದೆ. ಬಾಲ್ ಪೈಥಾನಿಗೆ ಇನ್ನೊಂದು ಇಂದ್ರಿಯವೂ ಉಂಟು: ತುಟಿಯ ಮೇಲಿನ ಸಣ್ಣ ಕುಳಿಗಳು. ಬಿಸಿರಕ್ತದ ಪ್ರಾಣಿಯ ಶಾಖವನ್ನು ಅವು ಕತ್ತಲಲ್ಲೂ ಗುರುತಿಸುತ್ತವೆ. ಹೊರಕಿವಿ ಇಲ್ಲದಿದ್ದರೂ ನೆಲದ ಅದುರನ್ನು ಹಾವು ದವಡೆಯ ಮೂಳೆಯಿಂದ ಗ್ರಹಿಸುತ್ತದೆ.

ಈಗ ಹಾವಿನ ಕಡೆಯಿಂದ ಯೋಚಿಸಿ. ಇಲಿಯ ಪಂಜರ ಮುಟ್ಟಿದ ಕೈ ಪೆಟ್ಟಿಗೆಯೊಳಗೆ ಬಂತು. ಬೆಚ್ಚಗಿದೆ, ಅಲುಗಾಡುತ್ತಿದೆ, ಇಲಿಯ ವಾಸನೆ ಬರುತ್ತಿದೆ. ಅದು ಊಟವಲ್ಲದೆ ಇನ್ನೇನು? ಅದೇ ಕೈ ಮೇಲಿನಿಂದ ದಿಢೀರನೆ ಇಳಿದು ಬಂದರೆ ಹದ್ದಿನ ಉಗುರು. ಸಾಕುಹಾವಿನ ಕಡಿತಗಳು ಹೆಚ್ಚುಕಡಿಮೆ ಎಲ್ಲವೂ ಈ ಎರಡು ತಪ್ಪುತಿಳಿವಳಿಕೆಗಳಿಂದಲೇ ಆಗುವಂಥವು. ಕೈ ಊಟವೂ ಅಲ್ಲ, ಹದ್ದೂ ಅಲ್ಲ ಎಂದು ಹಾವಿಗೆ ಗೊತ್ತುಪಡಿಸುವುದು ಸಾಕುವವರ ಮೊದಲ ಕೆಲಸ.

ಅದಕ್ಕಾಗಿ ಅವರು ಮೊದಲು ಸೋಪು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಪೆಟ್ಟಿಗೆಯ ಬಾಗಿಲು ತೆರೆದು, ಮೊಂಡು ತುದಿಯ ಕೊಕ್ಕೆಯನ್ನೋ ಸುತ್ತಿದ ಕಾಗದವನ್ನೋ ಹಾವಿನ ಮೈಯ ನಡುಭಾಗಕ್ಕೆ ಮೆಲ್ಲಗೆ ತಾಗಿಸುತ್ತಾರೆ. ಊಟ ಕೊಡುವ ದಿನ ಹೀಗೆ ತಾಗಿಸುವುದಿಲ್ಲ. ಕೆಲವು ವಾರ ಈ ಕ್ರಮ ತಪ್ಪದಿದ್ದರೆ ಕೊಕ್ಕೆ ತಾಗಿದರೆ ಊಟವಲ್ಲ ಎಂಬುದು ಹಾವಿಗೆ ರೂಢಿಯಾಗುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಹಾಗಾಗಿ ನಿದ್ದೆಯಲ್ಲೂ ಕಣ್ಣು ತೆರೆದೇ ಇರುತ್ತದೆ. ನಿದ್ದೆಯಲ್ಲಿರುವ ಹಾವು ಬೆಚ್ಚಿಬೀಳದೆ ಏಳುವುದಕ್ಕೂ ಈ ಸ್ಪರ್ಶವೇ ದಾರಿ.

ಮುಟ್ಟಬಾರದ ದಿನಗಳು

ಪಳಗಿದ ಕೈಗೆ ಎತ್ತುವುದು ಎಷ್ಟು ಗೊತ್ತೋ ಎತ್ತದೆ ಬಿಡುವುದೂ ಅಷ್ಟೇ ಗೊತ್ತು. ಹೊಸದಾಗಿ ಮನೆಗೆ ಬಂದ ಹಾವನ್ನು ಒಂದೆರಡು ವಾರ ಯಾರೂ ಮುಟ್ಟುವುದಿಲ್ಲ. ಹೊಸ ಜಾಗದಲ್ಲಿ ಅದು ಬಚ್ಚಿಟ್ಟುಕೊಳ್ಳಲು ಮೂಲೆ ಕಂಡುಕೊಂಡು, ಎರಡು ಮೂರು ಸಲ ಊಟ ಮಾಡಿ ಅರಗಿಸಿಕೊಂಡ ಮೇಲೆಯೇ ಮುಂದಿನ ಮಾತು. ಊಟವಾದ ಮೇಲೆ 48 ಗಂಟೆಗಳಾದರೂ ಕೈಹಾಕುವಂತಿಲ್ಲ. ನುಂಗಿದ ಇಲಿ ಹೊಟ್ಟೆಯಲ್ಲಿರುವಾಗ ಅಲುಗಿಸಿದರೆ ಕಕ್ಕಿಬಿಡುತ್ತದೆ, ಅದರಿಂದ ಹಾವು ಬಹಳ ಬಳಲುತ್ತದೆ.

ಪೊರೆ ಬಿಡುವ ಕಾಲ ಇನ್ನೊಂದು. ಪೊರೆ ಕಳಚುವ ಕೆಲವು ದಿನ ಮುಂಚೆ ಮೈಬಣ್ಣ ಮಾಸಿ ಕಣ್ಣು ಹಾಲುನೀಲಿಗೆ ತಿರುಗುತ್ತದೆ. ಆಗ ದೃಷ್ಟಿ ಮಂಜಾಗಿ, ಎದುರಿಗೆ ಬಂದ ಯಾವ ನೆರಳೂ ಹಾವಿಗೆ ಭಯ ಹುಟ್ಟಿಸುತ್ತದೆ. ತಿಳಿದವರು ಕಣ್ಣಿನ ಬಣ್ಣ ನೋಡಿಯೇ ಬಾಗಿಲು ಮುಚ್ಚಿಬಿಡುತ್ತಾರೆ.

ಇವಲ್ಲದೆ ಆ ಹೊತ್ತಿನ ಮನಸ್ಥಿತಿಯನ್ನೂ ನೋಡಬೇಕು. ನಾಲಗೆ ನಿಧಾನವಾಗಿ ಒಳಹೊರಗೆ ಆಡುತ್ತಿದ್ದರೆ, ಮೈ ಸಡಿಲವಾಗಿದ್ದರೆ ಹಾವು ಸಮಾಧಾನದಲ್ಲಿದೆ. ಕತ್ತನ್ನು ಹಿಂದಕ್ಕೆಳೆದು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗಿಸಿಕೊಂಡರೆ, ಬುಸುಗುಟ್ಟಿದರೆ ದೂರವಿರಿ ಎಂದು ಅರ್ಥ. ಕಾರ್ನ್ ಸ್ನೇಕ್ ಇಂಥ ಹೊತ್ತಲ್ಲಿ ಬಾಲದ ತುದಿಯನ್ನು ಪಟಪಟನೆ ಅದುರಿಸುವುದೂ ಉಂಟು. ಇದನ್ನು ಕಂಡೂ ಕೈಹಾಕುವುದು ಧೈರ್ಯವಲ್ಲ. ಕಾರ್ನ್ ಸ್ನೇಕ್‌ನ ಬಳಗಕ್ಕೇ ಸೇರಿದ ಅಮೆರಿಕದ ರ‍್ಯಾಟ್ ಸ್ನೇಕ್‌ಗಳ ಎರಗು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಗಿದುಹೋಗುತ್ತದೆ. ನಮ್ಮ ಕೈ ಹಿಂದಕ್ಕೆ ಬರುವಷ್ಟು ಹೊತ್ತೇ ಅಲ್ಲಿಲ್ಲ.

ಎತ್ತುವ ಬಗೆ

ಟೆಕ್ಸಸ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದರ ಮನೆಯಲ್ಲಿ ಈ ಕೆಲಸವನ್ನು ನಾನು ಹತ್ತಿರದಿಂದ ನೋಡಿದೆ. ಹೈಸ್ಕೂಲು ಓದುವ ಮಗಳು ಕಾರ್ನ್ ಸ್ನೇಕ್ ಸಾಕಿದ್ದಳು. ಅವಳು ಮೇಲಿನಿಂದ ಕೈ ಇಳಿಸಲಿಲ್ಲ. ಪಕ್ಕದಿಂದ, ಹಾವಿನ ತಲೆಯಿಂದ ದೂರದಲ್ಲಿ, ಅಂಗೈ ಮೇಲಾಗಿಸಿ ಕೈಯನ್ನು ಮೈಯ ಮೂರನೇ ಒಂದು ಭಾಗದ ಕೆಳಗೆ ಸರಿಸಿದಳು. ಇನ್ನೊಂದು ಕೈ ಬಾಲದ ಕಡೆಯ ಭಾರಕ್ಕೆ ಹೋಯಿತು. ಅಳುಕಿ ಅರ್ಧಕ್ಕೆ ನಿಲ್ಲಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ಬಂದು ಹೋಗಿ ಮಾಡುವ ಕೈಯೇ ಹಾವನ್ನು ಹೆಚ್ಚು ಕೆಣಕುತ್ತದೆ. ಎತ್ತಿದ ಮೇಲೆ ಅವಳು ಬೆರಳುಗಳನ್ನು ಮಡಿಚಲೇ ಇಲ್ಲ. ಹಾವು ಒಂದು ಅಂಗೈಯಿಂದ ಮುಂದಕ್ಕೆ ಹರಿಯುತ್ತಿದ್ದಂತೆ, ಹಿಂದಿನ ಕೈ ಮುಂದೆ ಬಂದು ಅದರ ದಾರಿಗೆ ಅಡಿಯಾಗುತ್ತಿತ್ತು. ಹೋಗುತ್ತಿದ್ದದ್ದು ಹಾವು, ಅವಳು ಬರಿಯ ನೆಲೆ ಒದಗಿಸುತ್ತಿದ್ದಳು.

ಹಾಸನದಿಂದ ಬಂದಿದ್ದ ದೊಡ್ಡಮ್ಮ ಬಾಗಿಲ ಹತ್ತಿರವೇ ನಿಂತಿದ್ದರು. ಹುಡುಗಿ ಕರೆದಳು: “ಬನ್ನಿ ದೊಡ್ಡಮ್ಮ, ತಲೆ ಹತ್ರ ಬೇಡ. ಇಲ್ಲಿ, ನಡುವಿಗೆ ಒಂದು ಬೆರಳಿಟ್ಟು ನೋಡಿ.” ದೊಡ್ಡಮ್ಮ ಬೆರಳಿಟ್ಟರು, ತೆಗೆದರು, ಮತ್ತೆ ಇಟ್ಟರು. “ಜಾರುತ್ತೆ, ತಣ್ಣಗಿರುತ್ತೆ ಅಂದ್ಕೊಂಡಿದ್ದೆ ಕಣೇ. ಎಷ್ಟು ನುಣುಪಾಗಿದೆ, ಒಣಗಿದೆಯಲ್ಲೇ!” ಎಂದರು. ಹಾವು ನಾಲಗೆ ಆಡಿಸುತ್ತ ಹುಡುಗಿಯ ಮೊಣಕೈಯತ್ತ ಹೊರಟಿತ್ತು, ಅವರ ಬೆರಳನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಒಳ್ಳೆಯ ಕೈಚಳಕವೆಂದರೆ ಇದು ಅನ್ನಿಸಿದ್ದು ಆಗಲೇ.

ಈ ಬಗೆಯ ಹಿಂದೆ ಮೈಕಟ್ಟಿನ ತಿಳಿವಳಿಕೆಯಿದೆ. ಹಾವಿನ ಬೆನ್ನುಮೂಳೆಯಲ್ಲಿ ನೂರಾರು ಕಶೇರುಕಗಳಿವೆ, ಅವಕ್ಕೆ ಅಂಟಿದ ಪಕ್ಕೆಲುಬುಗಳು ನವಿರು. ಮೈ ಜೋತುಬಿದ್ದರೆ ಕೀಲುಗಳಿಗೆ ನೋವು, ಮೇಲಾಗಿ ಬೀಳುವ ಭಯ. ತಲೆಬುರುಡೆ ಕುತ್ತಿಗೆಗೆ ಕೂಡುವ ಜಾಗವಂತೂ ಬಹಳ ಸೂಕ್ಷ್ಮ. ಕತ್ತು ಹಿಡಿದರೆ ಹಾವಿಗೆ ಪೆಟ್ಟಾಗುತ್ತದೆ, ಕೊಸರಾಡಿ ಕಚ್ಚುವುದೂ ಆಗಲೇ. ಬಾಲ ಹಿಡಿದು ನೇತಾಡಿಸುವುದೂ ಹಾಗೆಯೇ ಕೇಡು.

ಬಾಲ್ ಪೈಥಾನ್ ಮಣಿಕಟ್ಟನ್ನು ಸುತ್ತಿಕೊಂಡರೆ ಹೊಸಬರು ಗಾಬರಿಯಾಗುತ್ತಾರೆ. ಅದು ಆಯ ತಪ್ಪದಿರಲು ಹಿಡಿದುಕೊಂಡಿರುವುದಷ್ಟೇ. ಬಿಡಿಸಬೇಕಾದರೆ ಬಾಲದ ತುದಿಯಿಂದ ಒಂದೊಂದೇ ಸುತ್ತು ಬಿಚ್ಚಬೇಕು. ಬಾಲದ ಕಡೆ ಶಕ್ತಿ ಕಡಿಮೆ. ತಲೆಯ ಕಡೆಯಿಂದ ಎಳೆದರೆ ಹಿಡಿತ ಇನ್ನೂ ಬಿಗಿಯುತ್ತದೆ. ಹಾವು ಚಿಕ್ಕದಿದ್ದರೂ ಕೊರಳಿಗೆ ಹಾಕಿಕೊಳ್ಳುವುದು ಒಳ್ಳೆಯ ರೂಢಿಯಲ್ಲ. ಆರು ಅಡಿ ದಾಟಿದ ಹೆಬ್ಬಾವು, ಬೋವಾ ಜಾತಿಯ ಹಾವುಗಳನ್ನು ಒಬ್ಬರೇ ಎತ್ತಬಾರದು, ಪಕ್ಕದಲ್ಲಿ ಇನ್ನೊಬ್ಬ ದೊಡ್ಡವರು ಇರಲೇಬೇಕು ಎಂಬುದು ಈ ಮನೆಗಳ ಕಟ್ಟುನಿಟ್ಟು.

ಮೊದಮೊದಲು ಐದು ನಿಮಿಷ ಸಾಕು. ರೂಢಿಯಾದ ಮೇಲೆ ಹದಿನೈದು ಇಪ್ಪತ್ತು ನಿಮಿಷ. ಹಾವು ತನ್ನ ಮೈಶಾಖವನ್ನು ಹೊರಗಿನಿಂದ ಪಡೆಯುವ ಪ್ರಾಣಿ. ಅದರ ಪೆಟ್ಟಿಗೆಯಲ್ಲಿ ಒಂದು ತುದಿ ಬೆಚ್ಚಗೆ, ಇನ್ನೊಂದು ತಂಪಾಗಿ ಇರುತ್ತದೆ. ಬಾಲ್ ಪೈಥಾನಿಗಾದರೆ ಬೆಚ್ಚನೆಯ ಕಡೆ ಸುಮಾರು 32 ಡಿಗ್ರಿ ಸೆಲ್ಸಿಯಸ್, ತಂಪಿನ ಕಡೆ 25ರ ಆಸುಪಾಸು. ಎ.ಸಿ. ಹಾಕಿದ ಕೋಣೆಯಲ್ಲಿ ಬಹಳ ಹೊತ್ತು ಹೊರಗಿಟ್ಟರೆ ಅದಕ್ಕೆ ಚಳಿ ಹಿಡಿಯುತ್ತದೆ. ಪೆಟ್ಟಿಗೆಗೆ ಮರಳಿಸುವಾಗಲೂ ಎತ್ತಿಹಾಕುವುದಿಲ್ಲ, ಕೈಯನ್ನು ಒಳಗಿಟ್ಟು ಹಾವು ತಾನಾಗಿ ಇಳಿಯುವವರೆಗೆ ಕಾಯುತ್ತಾರೆ. ಆಮೇಲೆ ಮತ್ತೆ ಸೋಪು. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೇ ಐದು ವರ್ಷದೊಳಗಿನ ಮಕ್ಕಳ ಕೈಗೆ ಹಾವು ಕೊಡುವುದಿಲ್ಲ. ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಕೂಡ ದೂರವಿರುವುದು ಕ್ಷೇಮ.

ಊಟ ಕೊಡುವ ಹೊತ್ತು

ಕಡಿತಗಳು ಹೆಚ್ಚು ಸಂಭವಿಸುವುದು ಇಲ್ಲಿ, ಆದ್ದರಿಂದ ಕ್ರಮವೂ ಇಲ್ಲಿ ಬಿಗಿ. ಸತ್ತು ಹೆಪ್ಪುಗಟ್ಟಿಸಿಟ್ಟ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ ಕೊಡುತ್ತಾರೆ. ಜೀವಂತ ಇಲಿ ಬಿಟ್ಟರೆ ಅದು ಹಾವನ್ನೇ ಕಚ್ಚಿ ಗಾಯಮಾಡಬಹುದು. ಇಲಿ ಹಾವಿನ ಮೈಯ ಅತಿ ದಪ್ಪ ಭಾಗದಷ್ಟು ಗಾತ್ರವಿದ್ದರೆ ಹದ. ಬೆರಳಲ್ಲಿ ಎಂದೂ ಹಿಡಿಯುವುದಿಲ್ಲ, ಒಂದಡಿಯಾದರೂ ಉದ್ದದ ಇಕ್ಕಳದಲ್ಲಿ ಇಲಿಯ ಬಾಲದ ಕಡೆ ಹಿಡಿದು ಮುಂದೆ ಚಾಚುತ್ತಾರೆ. ಹಾವು ಎರಗಿ ಸುತ್ತಿಕೊಂಡ ಮೇಲೆ ಬಾಗಿಲು ಮುಚ್ಚಿ ಅದರ ಪಾಡಿಗೆ ಬಿಡುತ್ತಾರೆ. ನೀರಿನ ಬಟ್ಟಲು ಸರಿಪಡಿಸಲೆಂದು ಆಗ ಕೈಹಾಕುವವರೇ ಕಚ್ಚಿಸಿಕೊಳ್ಳುವುದು.

ಕಚ್ಚಿದರೆ

ವಿಷವಿಲ್ಲದ ಸಾಕುಹಾವಿನ ಕಡಿತದಲ್ಲಿ ಎರಡು ಬಗೆ. ಹೆದರಿ ಕಚ್ಚಿದ ಹಾವು ಚುಚ್ಚಿ ತಕ್ಷಣ ಬಿಟ್ಟುಬಿಡುತ್ತದೆ. ಊಟವೆಂದು ಕಚ್ಚಿದ ಹಾವು ಬಿಡುವುದಿಲ್ಲ, ಮೈಯಿಂದ ಕೈಯನ್ನು ಸುತ್ತಲೂ ನೋಡುತ್ತದೆ. ಎರಡನೆಯದರಲ್ಲಿಯೇ ಸಾಕುವವರ ತಾಳ್ಮೆಗೆ ನಿಜವಾದ ಪರೀಕ್ಷೆ.

ಹೆಬ್ಬಾವಿನ ಮೇಲ್ದವಡೆಯಲ್ಲಿ ನಾಲ್ಕು ಸಾಲು, ಕೆಳದವಡೆಯಲ್ಲಿ ಎರಡು ಸಾಲು ಹಲ್ಲುಗಳಿವೆ. ಸೂಜಿಯಷ್ಟು ಚೂಪಾದ ಆ ಹಲ್ಲುಗಳೆಲ್ಲ ಮೀನಿನ ಗಾಳದಂತೆ ಗಂಟಲ ಕಡೆಗೆ ಬಾಗಿವೆ. ಕೈಯನ್ನು ಸೆಳೆದುಕೊಂಡಷ್ಟೂ ಅವು ಚರ್ಮವನ್ನು ಸೀಳುತ್ತವೆ. ಹಲ್ಲು ಮುರಿದು ಗಾಯದಲ್ಲೇ ಉಳಿಯುತ್ತದೆ, ಹಾವಿನ ಬಾಯಿಗೂ ಗಾಯ. ಆದ್ದರಿಂದ ಮೊದಲ ನಿಯಮ: ಎಳೆಯಬೇಡಿ.

ಕೈಯನ್ನು ಮೇಜಿನ ಮೇಲೆ ಊರಿ, ಹಾವಿನ ಮೈಭಾರ ಜೋತುಬೀಳದಂತೆ ಇನ್ನೊಂದು ಕೈಯಿಂದ ತಡೆಹಿಡಿಯುತ್ತಾರೆ. ಕೆಲವೇ ಕ್ಷಣಗಳಲ್ಲಿ ಇದು ಇಲಿಯಲ್ಲವೆಂದು ತಿಳಿದು ಬಹಳ ಹಾವುಗಳು ತಾವೇ ಬಿಟ್ಟುಬಿಡುತ್ತವೆ. ಬಿಡದಿದ್ದರೆ ತಣ್ಣೀರಿನ ನಲ್ಲಿಯ ಕೆಳಗೆ ಹಾವಿನ ಬಾಯಿಯ ಮೇಲೆ ನೀರು ಹರಿಸುತ್ತಾರೆ. ಸುತ್ತಿಕೊಂಡಿದ್ದರೆ ಬಾಲದಿಂದ ಬಿಚ್ಚುತ್ತ ಬರುತ್ತಾರೆ. ಇನ್ನೂ ಬಿಡದಿದ್ದರೆ ತಲೆಯನ್ನು ಹಿಂದಕ್ಕೆಳೆಯದೆ, ಕಚ್ಚಿದ ದಿಕ್ಕಿಗೇ ಒಂದಿಷ್ಟು ಮುಂದೂಡಿ ಮೇಲ್ದವಡೆಯನ್ನು ಎತ್ತುತ್ತಾರೆ. ಬಾಗಿದ ಹಲ್ಲು ಬಂದ ದಾರಿಯಲ್ಲೇ ಹೊರಬರುತ್ತದೆ. ಕೊನೆಯ ಉಪಾಯವಾಗಿ ಬಾಯಿ ಮುಕ್ಕಳಿಸುವ ಮೌತ್‌ವಾಶ್‌ನ ಒಂದೆರಡು ಹನಿಯನ್ನು ಬಾಯಿಯ ಅಂಚಿಗೆ ತಾಗಿಸುವವರಿದ್ದಾರೆ. ಅದು ಹಾವಿನ ಬಾಯಿಗೆ ಉರಿ, ಹಾಗಾಗಿ ಬೇರೆಲ್ಲ ಸೋತ ಮೇಲಷ್ಟೇ.

ಹಾವನ್ನು ಪೆಟ್ಟಿಗೆಗೆ ಸೇರಿಸಿ ಬಾಗಿಲು ಭದ್ರಮಾಡಿದ ಮೇಲೆ ಗಾಯದ ಕಡೆ ಗಮನ. ಸಣ್ಣ ಚುಕ್ಕೆಗಳ ಸಾಲಿನಿಂದ ರಕ್ತ ಕಂಡರೆ ಗಾಬರಿ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ ಕೆಲವು ನಿಮಿಷ ಚೆನ್ನಾಗಿ ತೊಳೆಯಬೇಕು. ಶುಭ್ರ ಬಟ್ಟೆಯಿಂದ ಒತ್ತಿಹಿಡಿದರೆ ರಕ್ತ ನಿಲ್ಲುತ್ತದೆ. ಬೆಳಕಿಗೆ ಹಿಡಿದು ಹಲ್ಲಿನ ಚೂರು ಉಳಿದಿದೆಯೇ ನೋಡಬೇಕು. ಮೇಲೆಯೇ ಕಂಡರೆ ಶುಚಿಮಾಡಿದ ಚಿಮಟದಿಂದ ತೆಗೆಯಬಹುದು, ಆಳದಲ್ಲಿದ್ದರೆ ವೈದ್ಯರಿಗೆ ಬಿಡಬೇಕು. ಪೊವಿಡೋನ್ ಅಯೋಡಿನ್‌ನಂಥ ನಂಜುನಿವಾರಕ ಹಚ್ಚಿ, ಸಡಿಲವಾಗಿ ಬ್ಯಾಂಡೇಜು ಕಟ್ಟಿದರೆ ಮನೆಯ ಕೆಲಸ ಮುಗಿಯಿತು. ಕೊನೆಯ ಟೆಟನಸ್ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ವೈದ್ಯರನ್ನು ಕೇಳಿ ಮತ್ತೆ ಹಾಕಿಸಿಕೊಳ್ಳಬೇಕು. ಮುಂದಿನ ಎರಡು ಮೂರು ದಿನ ಕೆಂಪು ಹರಡುತ್ತಿದೆಯೇ, ಕೀವು ಕಾಣುತ್ತಿದೆಯೇ, ಜ್ವರ ಬಂತೇ ಎಂದು ನೋಡುತ್ತಿರಬೇಕು. ಮುಖ, ಕಣ್ಣು, ಬೆರಳ ಗೆಣ್ಣಿನ ಮೇಲಿನ ಕಡಿತಕ್ಕೆ, ಸಕ್ಕರೆ ಕಾಯಿಲೆಯವರಿಗೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಮನೆಮದ್ದು ಸಾಲದು, ಅದೇ ದಿನ ವೈದ್ಯರಿಗೆ ತೋರಿಸಬೇಕು.

ಎಲ್ಲೆ ಎಲ್ಲಿದೆ

ಮೇಲೆ ಹೇಳಿದ್ದೆಲ್ಲ, ಕಚ್ಚಿದ ಹಾವು ಯಾವುದೆಂದು ಖಚಿತವಾಗಿ ಗೊತ್ತಿದ್ದಾಗ ಮಾತ್ರ. ಸಾಕುವವರ ಅಚ್ಚುಮೆಚ್ಚಿನ ವೆಸ್ಟರ್ನ್ ಹಾಗ್‌ನೋಸ್ ಎಂಬ ಪುಟ್ಟ ಹಾವಿಗೆ ಬಾಯಿಯ ಹಿಂಭಾಗದಲ್ಲಿ ವಿಷದ ಹಲ್ಲಿದೆ. ಕಚ್ಚಿಕೊಂಡು ಕೆಲವು ನಿಮಿಷ ಅಗಿದರೆ ಕೈಯೆಲ್ಲ ಬಾತು ಬೊಬ್ಬೆ ಏಳುವುದುಂಟು. ಹಿಂಹಲ್ಲಿನ ಹಾವುಗಳನ್ನು ಹಗುರವಾಗಿ ಕಂಡದ್ದಕ್ಕೆ ಮಹಾ ತಜ್ಞರೇ ಬೆಲೆ ತೆತ್ತಿದ್ದಾರೆ. ಶಿಕಾಗೋದ ಫೀಲ್ಡ್ ಮ್ಯೂಸಿಯಂನ ಕಾರ್ಲ್ ಪಿ. ಶ್ಮಿಟ್ 1957ರಲ್ಲಿ ಬೂಮ್‌ಸ್ಲಾಂಗ್ ಹಾವಿನಿಂದ ಕಚ್ಚಿಸಿಕೊಂಡು, ತಮ್ಮ ಮೈಯಲ್ಲಾಗುತ್ತಿದ್ದ ಬದಲಾವಣೆಗಳನ್ನು ಬರೆದಿಡುತ್ತಲೇ ಮಾರನೆಯ ದಿನ ತೀರಿಕೊಂಡರು. ಜರ್ಮನಿಯ ರಾಬರ್ಟ್ ಮೆರ್ಟೆನ್ಸ್ 1975ರಲ್ಲಿ ಸತ್ತದ್ದು ತಾವೇ ಸಾಕಿದ್ದ ಆಫ್ರಿಕದ ಟ್ವಿಗ್ ಸ್ನೇಕ್ ಎಂಬ ಹಾವಿನ ಕಡಿತದಿಂದ, ಅದೂ ಅದಕ್ಕೆ ಊಟ ಕೊಡುವಾಗ. ಬಾವು ಏರುತ್ತ ಹೋದರೆ, ರಕ್ತ ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕರ್ನಾಟಕದ ಓದುಗರಿಗೆ ಇದನ್ನು ಇನ್ನೂ ಒತ್ತಿ ಹೇಳಬೇಕು. ನಮ್ಮ ನೆಲದ ಹಾವುಗಳನ್ನು ಹಿಡಿದು ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನ್‌ನಂಥ ವಿದೇಶಿ ಜೀವಿಗಳನ್ನು ಇಟ್ಟುಕೊಳ್ಳುವವರು ನೋಂದಾಯಿಸಲೇಬೇಕು ಎಂದು ಆ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಇನ್ನು ಹೊಲದಲ್ಲೋ ಕೊಟ್ಟಿಗೆಯಲ್ಲೋ ಆದ ಕಡಿತವನ್ನು ಸೋಪುನೀರಿನಲ್ಲಿ ತೊಳೆದು ಸುಮ್ಮನಾಗುವ ಮಾತೇ ಇಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂದು ಅಂದಾಜು, ಅಂದರೆ ವರ್ಷಕ್ಕೆ ಸರಾಸರಿ 58,000. ನಿರುಪದ್ರವಿ ತೋಳಹಾವು ನೋಡಲು ಕಟ್ಟುಹಾವಿನಂತೆಯೇ ಇರುತ್ತದೆ, ಮಣ್ಣುಮುಕ್ಕ ಕೊಳಕುಮಂಡಲದಂತೆ ಕಾಣುತ್ತದೆ. ಕಟ್ಟುಹಾವಿನ ಕಡಿತದಲ್ಲಿ ನೋವೂ ಗುರುತೂ ಇಲ್ಲದಿರುವುದುಂಟು. ಆದ್ದರಿಂದ ಕಚ್ಚಿಸಿಕೊಂಡವರನ್ನು ಸಮಾಧಾನಪಡಿಸಿ, ಉಂಗುರ ಬಳೆ ತೆಗೆಸಿ, ಕೈಕಾಲು ಅಲುಗದಂತೆ ಪಟ್ಟಿ ಆನಿಸಿ, 108ಕ್ಕೆ ಕರೆ ಮಾಡಿ, ವಿಷನಿರೋಧಕ ಔಷಧಿ ಇರುವ ಆಸ್ಪತ್ರೆಗೆ ಸೇರಿಸಬೇಕು. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ನಾಟಿಮದ್ದಿಗೆ ಕಾಯುವುದು ಯಾವುದೂ ಕೂಡದು.

ಹಾಗಾದರೆ ಪರದೇಶದ ಮನೆಗಳಲ್ಲಿನ ಈ ವಿದ್ಯೆಯಿಂದ ನಮಗೇನು? ಹಾವು ನಾಯಿಯಂತೆ ಪ್ರೀತಿ ತೋರಿಸುವುದಿಲ್ಲ, ಕರೆದರೆ ಬರುವುದಿಲ್ಲ. ಅದು ಕೊಡಬಲ್ಲದ್ದು ಒಂದೇ: ಹೆದರದೆ ಇರುವುದು. ಅಷ್ಟನ್ನು ಪಡೆಯಲು ಮನುಷ್ಯ ತನ್ನ ಅವಸರ, ಅಳುಕು, ಪ್ರದರ್ಶನದ ಆಸೆ ಎಲ್ಲವನ್ನೂ ಬಿಡಬೇಕಾಗುತ್ತದೆ. ನನ್ನ ಮೆಚ್ಚುಗೆ ಇರುವುದು ಅಲ್ಲಿ. ಕಣ್ಣಿನ ಬಣ್ಣ, ಕತ್ತಿನ ಬಾಗು, ನಾಲಗೆಯ ಗತಿ ನೋಡಿ ಒಂದು ಮೂಕಪ್ರಾಣಿಗೆ ಏನು ಬೇಕು, ಏನು ಬೇಡ ಎಂದು ತಿಳಿಯಬಲ್ಲ ಮಗು ಹಿತ್ತಲಲ್ಲಿ ಹಾವು ಕಂಡಾಗ ಕೋಲು ಹುಡುಕುವುದಿಲ್ಲ. ಸಾಕಿದ ಹಾವಿಗೆ ಕೈಯ ಆಸರೆ ಬೇಕು, ಹಿತ್ತಲಿಗೆ ಬಂದ ಹಾವಿಗೆ ಹೋಗಲು ಜಾಗ ಬೇಕು ಎಂದು ಅದಕ್ಕೆ ಗೊತ್ತಿರುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು, ಉಳಿದವರನ್ನೂ ಸರಿಸಿ, ದೊಡ್ಡವರನ್ನು ಕೂಗುತ್ತದೆ.